ನಲವತ್ತೊಂದು ಕೀಲಿ

ಸೋಮವಾರ ಬೆಳಿಗ್ಗೆ ಕಾಗದ ಕೊಟ್ಟೆ.
ತ್ಸಿಯಾಲಾ ಕನ್ನಡಕ ಹುಡುಕಿದಳು, ಅದು ತಲೆಯ ಮೇಲೇ ಇತ್ತು.
ಎರಡು ಸಲ ಓದಿದಳು, ಮಡಿಸಲಿಲ್ಲ,
ಚಹಾದ ಲೋಟ ಅದರ ಮೇಲಿಟ್ಟು ಕೇಳಿದಳು:
"ಎಷ್ಟು ಜಾಸ್ತಿ ಕೊಡುತ್ತಾರಂತೆ?"
ಹೇಳಿದೆ.
"ನಾನಾದರೂ ಹೋಗುತ್ತಿದ್ದೆ" ಎಂದಳು.
ಆಮೇಲೆ ಎರಡು ದಿನ ಮಾತಿಲ್ಲ.

ಹದಿನಾರು ವರ್ಷಕ್ಕೆ ಮೂವತ್ತು ದಿನದ ಬಾಲ.
ತೋರ್ನಿಕೆಯನ್ನು ಬೆನ್ನಿಗೆ ಹಾಕಿಕೊಂಡು
ತ್ಬಿಲಿಸಿಯ ಲಿಫ್ಟುಗಳನ್ನೆಲ್ಲ ಸುತ್ತಿದೆ.
ಇಪ್ಪತ್ತೆರಡರ ಹುಡುಗ, ಕಿವಿಯಲ್ಲಿ ಸದಾ ಹಾಡು.
"ಅದನ್ನು ಕಿತ್ತಿಡು" ಅಂದೆ,
"ಲಿಫ್ಟಿನ ಕಾಯಿಲೆ ಕಾಣುವುದಿಲ್ಲ, ಕೇಳುತ್ತದೆ.
ವರ್ಕೆತಿಲಿಯದು ತೇವ ಹೆಚ್ಚಾದರೆ
ನಾಲ್ಕು ಐದರ ನಡುವೆ ಉಸಿರು ಹಿಡಿಯುತ್ತದೆ,
ಗಾಬರಿ ಬೇಡ, ಮೂರನೆಯ ರಿಲೇ ಒರೆಸು.
ನುತ್ಸುಬಿದ್ಜೆ ಇಳಿಜಾರಿನದಕ್ಕೆ ಹೊಸ ಹಗ್ಗ, ಹಳೆಯ ಹಟ.
ರೈಲ್ವೆ ಕಾಲನಿಯ ಬಾಗಿಲು ಮಕ್ಕಳ ಒದೆ ತಿಂದು ತಿಂದು ಸೊಟ್ಟ;
ಬೈಯಬೇಡ, ಒದೆಯುವವನ ಹೆಸರು ಕೇಳಿಟ್ಟುಕೋ.
ಯಂತ್ರದ ಕೋಣೆಯಲ್ಲಿ ಪಾರಿವಾಳ ಮೊಟ್ಟೆಯಿಟ್ಟಿದ್ದರೆ
ಹದಿನೆಂಟು ದಿನ ಆ ಮೂಲೆ ಗುಡಿಸಬೇಡ."

ಎಲ್ಲ ಬರೆದುಕೊಟ್ಟೆ, ಚೌಕಳಿ ಪುಸ್ತಕ, ನೂರ ಹನ್ನೆರಡು ಪುಟ.
ಬರೆಯುತ್ತ ಹೋದಂತೆ ತಿಳಿಯಿತು:
ನನಗೆ ಗೊತ್ತಿದ್ದುದು ನಾನಂದುಕೊಂಡದ್ದಕ್ಕಿಂತ ಕಡಿಮೆ,
ಸಂಬಳಕ್ಕಿಂತ ಜಾಸ್ತಿ.

ಒಂದನ್ನು ಬರೆಯಲಾಗಲಿಲ್ಲ.
ತೆಮ್ಕಾ, ಹನ್ನೊಂದನೆಯ ಕಟ್ಟಡ, ಏಳನೆಯ ಮಹಡಿ, ಮಕ್ವಾಲಾ ಅಜ್ಜಿ.
ಪೆಟ್ಟಿಗೆಗೆ ಹತ್ತು ತೆತ್ರಿ ಬಿದ್ದರೇ ಅಲ್ಲಿ ಲಿಫ್ಟು ಏಳುವುದು.
ಅವಳ ನಾಣ್ಯಕ್ಕೊಂದು ತೂತು, ತೂತಿಗೆ ದಾರ.
ಇಳಿಬಿಡುತ್ತಾಳೆ, ಗುಂಡಿ ಒತ್ತುತ್ತಾಳೆ,
ಬಾವಿಯಿಂದ ಕೊಡ ಸೇದಿದ ಹಾಗೆ ಮೆಲ್ಲಗೆ ಮೇಲೆಳೆದುಕೊಳ್ಳುತ್ತಾಳೆ.
ಒಂಬತ್ತು ವರ್ಷದಿಂದ ಅದೇ ನಾಣ್ಯ.
ಕಂಡೂ ಕಾಣದಂತಿದ್ದೆ.
ಉಂಡ ಮನೆಗೆ ಎರಡು ಬಗೆದೆಯಲ್ಲ ಎಂದರೆ
ಹೌದು, ಬಗೆದೆ, ದಿನಕ್ಕೆ ಇಪ್ಪತ್ತು ತೆತ್ರಿಯಷ್ಟು.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಕೊನೆಗೆ ಬರೆದದ್ದು:
"ಇಲ್ಲಿನ ಪೆಟ್ಟಿಗೆ ತುಂಬ ಹಳೆಯದು. ಬಿಚ್ಚಬೇಡ."
ತೋರ್ನಿಕೆ ಓದಿ ನನ್ನ ಮುಖ ನೋಡಿದ.
ಕಿವಿಯ ಹಾಡು ಆ ಹೊತ್ತಿಗೆ ತಾನೇ ತೆಗೆದಿಟ್ಟಿದ್ದ.

ಹೊಸ ಕಂಪನಿಯವನು ಫೋನು ಮಾಡಿದ:
"ಬರುವಾಗ ಆ ಕಟ್ಟಡಗಳವರ ನಂಬರೆಲ್ಲ ತನ್ನಿ."
"ನಂಬರು ಇಲ್ಲಿನ ಡ್ರಾಯರಿನದು" ಅಂದೆ, "ಬರುವುದು ಎರಡು ಕೈ."
ಆ ಕಡೆ ಸದ್ದಿಲ್ಲ.
ಸಿಕ್ಕ ಕೆಲಸವೂ ಹೋಯಿತೇನೋ ಎಂದು
ಅವತ್ತು ರಾತ್ರಿ ಕಣ್ಣು ಹತ್ತಲಿಲ್ಲ, ಸುಳ್ಳೇಕೆ ಹೇಳಲಿ.

ಕೊನೆಯ ದಿನ ಗೊಂಚಲು ಒಪ್ಪಿಸಿದೆ.
"ನಲವತ್ತೊಂದು. ಎಣಿಸಿಕೊಳ್ಳಿ."
ತ್ಸಿಯಾಲಾ ಎಣಿಸಲಿಲ್ಲ, ಅಂಗೈಯಲ್ಲಿ ತೂಗಿದಳು.
ನನ್ನ ಕಾಗದ ಫೈಲಿಗೆ ಹೋಯಿತು,
ಅದರ ಮೇಲೆ ಚಹಾದ ದುಂಡು ಕಲೆ, ಮೊಹರಿನ ಹಾಗೆ.
ಹೊರಗೆ ಬಂದರೆ ಬಲಸೊಂಟ ಹಗುರ;
ಎಡಕ್ಕೆ ವಾಲಿಕೊಂಡೇ ನಡೆದೆ.

ಬಸ್ಸು ಹತ್ತಿದ ಮೇಲೆ ನೆನಪಾಯಿತು,
ತೆಮ್ಕಾದ ಲಿಫ್ಟಿನೊಳಗೆ ಇನ್ನೂ ನನ್ನದೇ ನಂಬರು.
ಸರಿರಾತ್ರಿ ಸಿಕ್ಕಿಕೊಂಡವರು ನನ್ನನ್ನೇ ಕರೆದಾರು.
ಇಳಿದೆ. ಹಿಂದಕ್ಕೆ ಹೋದೆ.
ಮುರ್ಮಾನ್ ಎಂಬುದನ್ನು ಉಗುರಿನಿಂದ ಕೆರೆದು
ಅಲ್ಲಿ ತೋರ್ನಿಕೆ ಎಂದು ಬರೆದೆ, ದಪ್ಪ ಅಕ್ಷರದಲ್ಲಿ.
ಬಂದದ್ದಾಯಿತು, ಅಜ್ಜಿಗೊಂದು ಮಾತು ಹೇಳಿ ಹೋಗೋಣವೆಂದು
ಗುಂಡಿ ಒತ್ತಿದೆ.
ಏಳಲಿಲ್ಲ.
ಸೊಂಟದಲ್ಲಿ ಕೀಲಿಯಿಲ್ಲ, ಜೇಬಿನಲ್ಲಿ ಚಿಲ್ಲರೆಯಿಲ್ಲ.
ಇಷ್ಟು ವರ್ಷದಲ್ಲಿ ಮೊದಲ ಸಲ
ಲಿಫ್ಟಿಗೆ ನಾನು ಯಾರೂ ಅಲ್ಲ.

ಬಾಗಿಲ ಸಂದಿಗೆ ಊರುಗೋಲು ತೂರಿಸಿ ಮಕ್ವಾಲಾ ಬಂದಳು,
ಚೀಲದಲ್ಲಿ ಸೊಪ್ಪು, ಎರಡು ರೊಟ್ಟಿ.
ನನ್ನ ಬರಿಗೈ ನೋಡಿದಳು, ಪೆಟ್ಟಿಗೆ ನೋಡಿದಳು.
ಕೋಟಿನ ಒಳಜೇಬಿನಿಂದ ದಾರ ಹೊರಬಂತು.
ನಾನು ಗೋಡೆಯ ಕಡೆ ತಿರುಗಿ ನಿಂತೆ.

ಠಣ್.

"ಏಳಕ್ಕೇ ತಾನೆ?" ಎಂದಳು.